ಭಾವನ ತೋಟದ ಕಾಯಿ ಕೊಳೆಯುವುದಿಲ್ಲ

ಕೇಳ್ರಪ್ಪಾ, ಇವತ್ತು ತುರುವೇಕೆರೆಯಲ್ಲಿ ನನ್ನ ಮಗಳ ಟೈಲರಿಂಗ್ ಅಂಗಡಿಯ ಪೂಜೆಗೆ ಒಡೆದ ಮೊದಲ ಕಾಯಿಯೇ ಕೊಳೆತಿತ್ತು. ಮಾಯಸಂದ್ರದ ತಮ್ಮ ತೋಟದಿಂದ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಅದನ್ನು ಆರಿಸಿ ತಂದವರು ನನ್ನ ಹೆಂಡತಿಯ ಅಣ್ಣ. ವಾಸನೆಗೆ ಎಲ್ಲರೂ ಹಿಂದೆ ಸರಿದೆವು. ಶುರುವಿನಲ್ಲೇ ಅಪಶಕುನವಾಯಿತೆಂದು ಮಗಳ ಕಣ್ಣು ತುಂಬಿಬಂತು.

"ಕೊಳ್ತೋಗಿದೆ ಸ್ವಾಮಿ," ಎಂದರು ಪೂಜಾರಿ.

ಭಾವನಿಗೆ ರೇಗಿತು. "ಕೊಳೆಯೋದು ಬದ್ನೆಕಾಯಿ, ಹಳಸೋದು ಸಾರು ಕಣ್ರೀ. ನಮ್ ತೋಟದ್ ಕಾಯಿ ಕೊಳೆಯಾಕಿಲ್ಲ. ವಸಿ ಜಾಸ್ತಿ ಬಲ್ತೈತೆ, ಅಷ್ಟೇಯ."

"ಬಲ್ತಿದ್ರೆ ಮೂಗ್ಯಾಕಣ್ಣ ಮುಚ್ಕಂಡಿದೀಯಾ?" ಎಂದಳು ನನ್ನ ಹೆಂಡತಿ.

ನಮ್ಮವ್ವ ಮೊಮ್ಮಗಳ ಗಲ್ಲ ಹಿಡಿದು, "ಅಂಗ್ಡಿ ಮೇಲಿದ್ದ ಕೆಟ್ಟ ಕಣ್ಣೆಲ್ಲ ಆ ಕಾಯೊಳಕ್ಕೋಯ್ತು ಬುಡು ಮಗ," ಎಂದರು.

ನಾನು ಎದುರಿನ ಅಂಗಡಿಯಿಂದ ಇನ್ನೊಂದು ಕಾಯಿ ತಂದೆ. ಒಳಗೆ ಬೆಳ್ಳಗಿತ್ತು. ಭಾವ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದು ಎಳಸು ಕಣಪ್ಪ," ಎಂದರು.

ಮಗಳು ನಗಲಿಲ್ಲ, ಹೋಗಿ ಮಿಷನ್ ಮುಂದೆ ಕೂತಳು. ಈ ಸುದ್ದಿ ಕೇಳಿದ ಮೇಲೆ ಬಟ್ಟೆ ತರುವವರು ಯಾರು ಎಂಬ ಚಿಂತೆ ಅವಳಿಗೆ. ಭಾವ ಅವಳನ್ನೇ ನೋಡಿದರು. ಆಮೇಲೆ ಅಲ್ಲೇ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ನಿಂತು, ಅದನ್ನು ಅವಳ ಮಡಿಲಿಗೆ ಹಾಕಿದರು. ಬಗಲಲ್ಲಿ ಅಂಗೈಯಗಲ ಹರಿದಿತ್ತು.

"ಮೊದಲ್ನೇ ಗಿರಾಕಿ ನಾನೇ ಕಣವ್ವ. ಹರಿದೇನಿಲ್ಲ, ವಸಿ ಬಿಟ್ಕಂಡೈತೆ."

ಮಗಳು ಕಣ್ಣೊರೆಸಿಕೊಂಡು ನಗುತ್ತಾ ದಾರ ಪೋಣಿಸಿದಳು. ಹೊಲಿಗೆ ಸಾಲಲಿಲ್ಲ, ತೇಪೆಯೇ ಬೇಕಾಯಿತು.