ಬಿಳಿ ಬಟ್ಟೆಯಲ್ಲಿ ಕಟ್ಟಿದ ಹರಳು

ಹರಳಿನ ವಿದ್ಯೆ ಕಲಿಯಬೇಕೆಂದು ಆಸೆಪಟ್ಟವನು ನಾನು. ಕಲಿತು ಬಂದವಳು ನನ್ನ ತಂಗಿ. ಆಗ ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡ ಬೆಂಕಿಯಲ್ಲಿ ನಮ್ಮ ಪತ್ತಾರ ವರ್ಷವಿಡೀ ಬಂಗಾರ ಕರಗಿಸಬಹುದಿತ್ತು.

ರಾಮದುರ್ಗದ ಪೇಟೆಯಲ್ಲಿ ನಮ್ಮದು ಅಜ್ಜನ ಕಾಲದ ಬಂಗಾರದ ಅಂಗಡಿ. ಬಂಗಾರದ ಕಡೆ ಅಪ್ಪ ಕೂರುತ್ತಿದ್ದ. ಒಳಗಿನ ಮೂಲೆಯ ಗಾಜಿನ ಕೌಂಟರಿನಲ್ಲಿ ಹರಳುಗಳಿದ್ದವು: ಮಾಣಿಕ, ಪಚ್ಚೆ, ನೀಲ, ಪುಷ್ಯರಾಗ, ಹವಳ. ಜಾತಕ ನೋಡಿದ ಅಯ್ಯನವರು ಇಂಥ ಹರಳು ಹಾಕಿಕೊಳ್ಳಿ ಎಂದು ಹೇಳಿದರೆ ಸುರೇಬಾನ, ಮನೋಳಿ, ಸವದತ್ತಿಯಿಂದಲೂ ಜನ ಬಸ್ಸು ಹಿಡಿದು ಬರುತ್ತಿದ್ದರು. ನನ್ನ ಕಣ್ಣೆಲ್ಲ ಆ ಮೂಲೆಯ ಮೇಲೆಯೇ. ಬಂಗಾರದಲ್ಲಿ ಏನಿದೆ, ತೂಗಿದರೆ ಮುಗಿಯಿತು. ಹರಳೆಂದರೆ ಪ್ರತಿಯೊಂದೂ ಬೇರೆ ಎಂದು ಚಿಕ್ಕವನಿದ್ದಾಗಲೇ ನನಗೆ ಅನಿಸಿತ್ತು.

ಅಪ್ಪ ಒಂದು ವಿದ್ಯೆ ಹೇಳಿಕೊಟ್ಟಿದ್ದ. ಹರಳನ್ನು ಕೆಳತುಟಿಗೆ ಮುಟ್ಟಿಸಬೇಕು. ಗಾಜಾದರೆ ಬೇಗ ಬೆಚ್ಚಗಾಗುತ್ತದೆ, ನಿಜವಾದ ಹರಳು ತಣ್ಣಗೇ ಇರುತ್ತದೆ. ನನಗೆ ಅದು ಎಷ್ಟು ಚೆನ್ನಾಗಿ ಹತ್ತಿತೆಂದರೆ, ಅಪ್ಪ ನೆರೆಯ ಅಂಗಡಿಯವರ ಎದುರು ನನ್ನನ್ನು ಕೂರಿಸಿ ಕಣ್ಣು ಮುಚ್ಚಿಸಿ ಆಟ ತೋರಿಸುತ್ತಿದ್ದ. "ನಮ್ಮ ಹುಡುಗಂದು ತುಟಿ ಅಲ್ಲರೀ ಅದು, ತಕ್ಕಡಿ" ಎನ್ನುತ್ತಿದ್ದ. ಪಿಯುಸಿ ಮುಗಿಸುವ ಹೊತ್ತಿಗೆ ನಾನು ಹರಳುಗಳ ವಿಷಯದಲ್ಲಿ ರಾಮದುರ್ಗಕ್ಕೇ ಪಂಡಿತ ಎಂದು ನನಗೆ ನಾನೇ ಪಟ್ಟ ಕಟ್ಟಿಕೊಂಡಿದ್ದೆ.

ಡಿಗ್ರಿ ಆದಮೇಲೆ ಪುಣೆಯ ಒಂದು ಸಂಸ್ಥೆಯಲ್ಲಿ ರತ್ನಶಾಸ್ತ್ರದ ಕೋರ್ಸಿಗೆ ಸೀಟು ಸಿಕ್ಕಿತು. ತಂಗಿ ಆಗ ತಾನೇ ಧಾರವಾಡದಲ್ಲಿ ಬಿ.ಎಸ್ಸಿ ಪರೀಕ್ಷೆ ಮುಗಿಸಿ ಬಂದಿದ್ದಳು. ಮುಂದೆ ಬಿ.ಎಡ್ ಮಾಡಿ ಟೀಚರ್ ಆಗುವುದು ಅವಳ ಲೆಕ್ಕ. ಪುಣೆಯಲ್ಲಿ ನಮ್ಮ ಅತ್ತೆಯ ಮನೆ ಇತ್ತು, ಊರು ನೋಡಿದಂತಾಗುತ್ತದೆ ಎಂದು ನನ್ನ ಬೆನ್ನು ಹತ್ತಿದಳು. ನಾನೇ ಕರೆದುಕೊಂಡು ಹೋದೆ. ಅವಳ ಬ್ಯಾಗನ್ನೂ ನಾನೇ ಹೊತ್ತಿದ್ದೆ.

ಸೇರಿಸಿಕೊಳ್ಳುವ ಮುನ್ನ ಕಣ್ಣಿನ ಪರೀಕ್ಷೆ ಎಂದರು. ಒಂದು ಪುಸ್ತಕ, ಪುಟಕ್ಕೊಂದು ದುಂಡನೆಯ ಚಿತ್ರ, ಅದರ ತುಂಬ ಸಣ್ಣ ದೊಡ್ಡ ಚುಕ್ಕೆಗಳು. ಒಳಗೆ ಅಡಗಿರುವ ಅಂಕಿ ಓದಬೇಕು. ಪರೀಕ್ಷೆ ಮಾಡುವ ಹೆಂಗಸು ಒಂದು ಪುಟ ತೆರೆದಳು. ನಾನು ಠೀವಿಯಿಂದ "ಇಪ್ಪತ್ತೊಂದು" ಎಂದು ಹಿಂದಿಯಲ್ಲಿ ಹೇಳಿದೆ. ಹಿಂದಿನ ಕುರ್ಚಿಯಿಂದ ತಂಗಿಯ ನಗು ಕೇಳಿಸಿತು.

"ಅಣ್ಣಾ, ಚಾಷ್ಟಿ ಮಾಡಬ್ಯಾಡ. ಎಪ್ಪತ್ನಾಲ್ಕು ಐತಲ್ಲ."

ಚೇಷ್ಟೆ ಮಾಡುತ್ತಿರುವವಳು ಅವಳು ಎಂದೇ ನಾನು ತಿಳಿದೆ. ತಿರುಗಿ ಅವಳ ಮುಖ ನೋಡಿದಾಗ ಅಲ್ಲಿ ನಗು ನಿಂತುಹೋಗಿತ್ತು. ಮುಂದಿನ ಪುಟಗಳಲ್ಲಿ ನನಗೆ ಅಂಕಿಗಳೇ ಕಾಣಲಿಲ್ಲ, ಬರೀ ಚುಕ್ಕೆ. ಅವಳು ಪ್ರತಿಯೊಂದನ್ನೂ ಓದಿದಳು.

ಕೆಂಪು ಹಸಿರು ಬೇರೆ ಮಾಡಿ ನೋಡುವ ಶಕ್ತಿ ನಿಮ್ಮ ಕಣ್ಣಿಗಿಲ್ಲ ಎಂದು ಆ ಹೆಂಗಸು ಮೆತ್ತಗೆ ಹೇಳಿದಳು. ಹುಟ್ಟಿನಿಂದ ಬಂದದ್ದು, ಔಷಧವಿಲ್ಲ, ಬಣ್ಣದ ಹರಳಿನ ಈ ಕೋರ್ಸಿಗೆ ಸೇರಿಸಿಕೊಳ್ಳಲು ಬರುವುದಿಲ್ಲ. ನನಗೆ ಆಗ ಸುರೇಬಾನದ ನಮ್ಮ ಹೊಲ ನೆನಪಾಯಿತು. ಹಣ್ಣಾದ ಮೆಣಸಿನಕಾಯಿ ಮಾತ್ರ ಬಿಡಿಸು ಎಂದರೆ ಕಾಯಿ ಹಣ್ಣು ಎಲ್ಲ ಹರಿದು ತಂದು, ಮೈಗಳ್ಳ ಎಂದು ಬೈಸಿಕೊಂಡವನು ನಾನು. ಅಂಗಡಿಯಲ್ಲಿ ಯಾರಿಗೂ ಗೊತ್ತಾಗದಿದ್ದುದಕ್ಕೆ ಕಾರಣ ಸುಲಭ. ಅಜ್ಜನ ಕಾಲದಿಂದ ಹರಳಿನ ಪೆಟ್ಟಿಗೆಯ ಮೊದಲ ಮನೆಯಲ್ಲಿ ಮಾಣಿಕ, ಎರಡನೆಯದರಲ್ಲಿ ಪಚ್ಚೆ. ನಾನು ಹರಳನ್ನಲ್ಲ, ಜಾಗವನ್ನು ಗುರುತಿಸುತ್ತಿದ್ದೆ. ಉಳಿದದ್ದು ತುಟಿ.

ಅಪ್ಪನಿಗೆ ಫೋನು ಮಾಡಿದೆ. ಅವನೆಂದ: "ಹೋಗ್ಲಿ ಬಿಡು ತಮ್ಮಾ. ಹೆಂಗೂ ಸೀಟ ಸಿಕ್ಕೈತಿ, ಕೇಳಿ ನೋಡು. ಆಕೀನರ ಕಲೀಲಿ."

ಆಕೀನರ. ಅವಳಾದರೂ. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಸಂಸ್ಥೆಯವರು ಒಪ್ಪಿದರು. ಅವಳು ಬೇಡವೆಂದು ಅತ್ತಳು ಕೂಡ. ಬೇಕೆಂದವನಿಗೆ ಇಲ್ಲ, ಬೇಡವೆಂದು ಅಳುವವಳಿಗೆ ಸಿಕ್ಕಿತು. ಅವಳು ಕುಣಿದಾಡಿದ್ದರೆ ಬೈಯಲಿಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ನಾನೊಬ್ಬನೇ ಮರಳಿ ಬಂದೆ. ಪುಣೆಯ ಹವೆ ಒಗ್ಗಲಿಲ್ಲವಂತೆ ಎಂದು ಅವ್ವ ಪೇಟೆಗೆಲ್ಲ ಹೇಳಿದಳು. "ಕಣ್ಣಿಂದು ಏನರ ಹೊರಗ ಬಿತ್ತಂದ್ರ ನಿನಗ ಹೆಣ್ಣ ಕೊಡಾವ್ರ ಹಿಂದ ಸರೀತಾರ" ಎಂಬುದು ಅವಳ ಚಿಂತೆ. ಹಾಗಾಗಿ ಈ ವಿಷಯ ನಮ್ಮ ಮನೆಯ ಹೊಸಿಲು ದಾಟಲಿಲ್ಲ.

ಕೋರ್ಸು ಮುಗಿಸಿ ತಂಗಿ ಬಂದಾಗ ಅವಳ ಜೊತೆ ಒಂದು ಸಣ್ಣ ಲೂಪ್, ಅಂದರೆ ಕಣ್ಣಿಗೆ ಹಿಡಿದು ನೋಡುವ ಭೂತಗನ್ನಡಿ, ಮತ್ತು ಹರಳಿನೊಳಗೆ ಬೆಳಕು ಎಷ್ಟು ಬಾಗುತ್ತದೆಂದು ತೋರಿಸುವ ರಿಫ್ರಾಕ್ಟೋಮೀಟರ್ ಬಂದವು. ಮೂಲೆಯ ಕೌಂಟರು ಅವಳದಾಯಿತು. ನನಗೆ ಬಂಗಾರದ ತಕ್ಕಡಿ. ನನ್ನನ್ನು ಚಡ್ಡಿಯಲ್ಲಿದ್ದಾಗಿನಿಂದ ನೋಡಿದ ಜನ ನನ್ನ ತಲೆಯ ಮೇಲಿನಿಂದ ಒಳಗೆ ಇಣುಕಿ "ಹರಳಿನ ಅಕ್ಕಾರ ಅದಾರೇನ್ರಿ?" ಎಂದು ಕೇಳತೊಡಗಿದರು. ಕಿತ್ತೂರಿನ ಒಬ್ಬ ಮಾಸ್ತರರು ಹೆಂಡತಿಯ ಹಳೆಯ ಮಾಣಿಕ ತೋರಿಸಲು ಅಷ್ಟು ದೂರದಿಂದ ಬಂದರು. ಅವಳು ಲೂಪಿನಲ್ಲಿ ನೋಡಿ, ಹರಳನ್ನು ಆಚೀಚೆ ವಾಲಿಸಿ, "ಬಿರುಕಿನ್ಯಾಗ ಗಾಜ ತುಂಬ್ಯಾರ್ರಿ ಸರ್, ನೀಲಿ ಮಿಂಚ ಹೊಡ್ಯಾಕ ಹತ್ತೇತಿ ನೋಡ್ರಿ" ಎಂದಳು. ಗಾಜಿನ ಗುರುತಾದ ಒಳಗಿನ ಗುಳ್ಳೆಗಳನ್ನು ನಾನೂ ನೋಡಿದ್ದೆ, ಬಾಯಿ ತೆರೆಯುವಷ್ಟರಲ್ಲಿ ಅವಳು ಹೇಳಿ ಮುಗಿಸಿದ್ದಳು. ಮಾಸ್ತರರಿಗೆ ಚಹಾ ತರಿಸುವ ಕೆಲಸ ನನ್ನ ಪಾಲಿಗೆ ಉಳಿಯಿತು.

ಅವಳು ಒಮ್ಮೆಯಾದರೂ ತಪ್ಪಲಿ ಎಂದು ನಾನು ಕಾದೆ. ಸಕ್ಕರೆ ಕಡಿಮೆಯಾದ ಚಹಾಕ್ಕೂ ಅವಳ ಮೇಲೆ ಹರಿಹಾಯ್ದೆ. ಮಧ್ಯಾಹ್ನ ಅವಳು ಊಟ ಮಾಡಿ ಮಲಗಿದಾಗ ಅವಳ ಪುಸ್ತಕಗಳನ್ನು ತೆಗೆದು ಓದಿದೆ. ಅರ್ಥವಾಗದ್ದನ್ನು ಮೊಬೈಲಿನಲ್ಲಿ ಹುಡುಕಿ ಓದಿದೆ. ಯಾವ ಹರಳು ಎಷ್ಟು ಗಟ್ಟಿ, ಯಾವುದಕ್ಕೆ ಎಣ್ಣೆ ಕುಡಿಸುತ್ತಾರೆ, ಯಾವುದನ್ನು ಕಾಯಿಸುತ್ತಾರೆ, ಎಲ್ಲ ಬಾಯಿಪಾಠವಾಯಿತು. ಪರೀಕ್ಷೆ ಇಟ್ಟಿದ್ದರೆ ಬಣ್ಣದ ಪ್ರಶ್ನೆಯೊಂದನ್ನು ಬಿಟ್ಟು ಉಳಿದದ್ದರಲ್ಲಿ ಅವಳನ್ನು ಹಿಂದೆ ಹಾಕುತ್ತಿದ್ದೆ ಎಂದು ಈಗಲೂ ಹೇಳುತ್ತೇನೆ. ಆದರೆ ಆ ವಿದ್ಯೆಯಲ್ಲಿ ಬಣ್ಣವೊಂದನ್ನು ಬಿಟ್ಟರೆ ಉಳಿಯುವುದು ಎಷ್ಟು ಎಂದು ನನಗೂ ಗೊತ್ತು.

ಅಷ್ಟರಲ್ಲಿ ಬೈಲಹೊಂಗಲದ ಮನೆತನದಿಂದ ಅವಳಿಗೆ ಸಂಬಂಧ ಕೂಡಿಬಂತು. ನಿಶ್ಚಯದ ದಿನ ನನ್ನಷ್ಟು ಖುಷಿ ಪಟ್ಟವರಿಲ್ಲ. ಅಣ್ಣನ ಅಂತಃಕರಣ ಎಂದು ಬೀಗರು ಹೊಗಳಿದರು. ಅವಳು ಹೋಗುತ್ತಾಳೆ, ಮೂಲೆ ಖಾಲಿಯಾಗುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಆದರೆ ಬೀಗರು ಎದ್ದು ಹೋದಮೇಲೆ ಅಪ್ಪ ಅಡಕೆ ಕತ್ತರಿಸುತ್ತ ಹೇಳಿದ:

"ಈಕಿ ಹ್ವಾದಮ್ಯಾಲೆ ಹರಳಿಂದು ಬಂದ್ ಮಾಡೂನು. ಬರೇ ಬಂಗಾರ ಸಾಕು."

"ಯಾಕ? ನಾ ಇಲ್ಲೇನು?" ಎಂದೆ.

ಅಪ್ಪ ನನ್ನ ಮುಖ ನೋಡಿ ಅಡಕೆಯನ್ನು ಬಾಯಿಗೆ ಹಾಕಿಕೊಂಡ. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ನಾನೂ ಕೂರಬಲ್ಲೆ ಎಂದು ತೋರಿಸುವ ಅವಕಾಶ ಬೇಗನೆ ಸಿಕ್ಕಿತು. ಮದುವೆಯ ಸೀರೆ ತರಲು ತಂಗಿ ಅವ್ವನ ಜೊತೆ ಹೋಗಿದ್ದ ದಿನ, ಸುರೇಬಾನದ ಹಿರಿಯ ಹೆಂಗಸೊಬ್ಬಳು ಮೊಮ್ಮಗಳಿಗೆಂದು ಪಚ್ಚೆ ಕೇಳಿಕೊಂಡು ಬಂದಳು. ನಮ್ಮ ಕಡೆ ಹರಳನ್ನು ನೇರವಾಗಿ ಉಂಗುರಕ್ಕೆ ಕೂರಿಸುವುದಿಲ್ಲ. ಮೊದಲು ಬಟ್ಟೆಯಲ್ಲಿ ಕಟ್ಟಿ ಕೆಲವು ದಿನ ತೋಳಿಗೆ ಕಟ್ಟಿಕೊಂಡು ನೋಡುತ್ತಾರೆ. ಕೆಟ್ಟ ಕನಸು, ಜ್ವರ, ಜಗಳ ಏನೂ ಬರದಿದ್ದರೆ ಹರಳು ಕೂಡಿತು ಎಂದು ಅರ್ಥ, ಇಲ್ಲವಾದರೆ ತಂದು ಮರಳಿಸುತ್ತಾರೆ. ಕಟ್ಟುವ ಬಟ್ಟೆಗೂ ಗ್ರಹದ ಬಣ್ಣವೇ ಇರಬೇಕು. ಬುಧನ ಪಚ್ಚೆಗೆ ಹಸಿರು, ಮಂಗಳನ ಹವಳಕ್ಕೆ ಕೆಂಪು.

ನಾನು ಮೂಲೆಯಲ್ಲಿ ಕುಳಿತೆ. ಎರಡನೆಯ ಮನೆಯಿಂದ ಹರಳು ತೆಗೆದೆ, ತುಟಿಗೆ ಮುಟ್ಟಿಸಿದೆ, ರಿಫ್ರಾಕ್ಟೋಮೀಟರಿನ ಮೇಲಿಟ್ಟು ನೆರಳಿನ ಗೆರೆ ಎಲ್ಲಿ ಬೀಳುತ್ತದೆಂದು ನೋಡಿದೆ. ಪಚ್ಚೆಯೇ. ಒಳಗಿನ ಸಣ್ಣ ಗೆರೆಗಳನ್ನು ತೋರಿಸಿ, ಇವು ದೋಷವಲ್ಲ, ನೆಲದೊಳಗೆ ಹುಟ್ಟಿದ ಗುರುತು ಎಂದು ವಿವರಿಸಿದೆ. ಮುದುಕಿ ತಲೆದೂಗಿದಳು. ಅಪ್ಪ ಆ ಕಡೆಯಿಂದ ಕಿವಿ ಇಲ್ಲೇ ಇಟ್ಟಿದ್ದು ನನಗೆ ಗೊತ್ತಿತ್ತು. ಅಷ್ಟು ಸುಖ ನನಗೆ ಬಹಳ ದಿನ ಸಿಕ್ಕಿರಲಿಲ್ಲ.

ಕೊನೆಗೆ ಡ್ರಾಯರಿನ ಬಲಗಡೆಯ ಗಂಟಿನಿಂದ ಒಂದು ಬಟ್ಟೆ ಎಳೆದು ಹರಳು ಕಟ್ಟಿಕೊಟ್ಟೆ. ಬಲಕ್ಕೆ ಹಸಿರು, ಎಡಕ್ಕೆ ಕೆಂಪು, ಯಾವಾಗಲೂ ಹಾಗೆಯೇ. ಅವ್ವ ಹಿಂದಿನ ದಿನ ಹೊಸ ಬಟ್ಟೆ ಕತ್ತರಿಸಿ ಇಡುವಾಗ ಎಡಬಲ ಬದಲಾದದ್ದು ನನಗೆ ತಿಳಿಯಲಿಲ್ಲ.

ಮುದುಕಿ ಗಂಟನ್ನು ಕೈಯಲ್ಲಿ ಹಿಡಿದು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಏನೋ ಯಪ್ಪಾ ಇದು? ಬುಧಗ ಮಂಗಳನ ಕೆಂಪ ಅರಿವಿ ಸುತ್ತೀ? ಹೆಣ್ಣ ಕೂಸಿನ ತೋಳಿಗೆ ಕಟ್ಟೂದೈತಿ. ಕಣ್ಣ ಕಾಣಸಂಗಿಲ್ಲೇನು ನಿನಗ?"

"ಗಡಿಬಿಡ್ಯಾಗ ಆಗೇತ್ರಿ ಅವ್ವಾರ" ಎನ್ನುತ್ತ ಅಪ್ಪ ಎದ್ದು ಬಂದ. ಬಟ್ಟೆ ಬದಲಿಸಿಕೊಡುತ್ತೇವೆ ಎಂದರೂ ಅವಳು ಕೇಳಲಿಲ್ಲ. ಒಮ್ಮೆ ಅಪಶಕುನವಾದ ಹರಳು ಬೇಡವೆಂದು ಕೌಂಟರಿನ ಮೇಲಿಟ್ಟು ಹೋದಳು. ಅಪ್ಪ ಗಂಟು ಬಿಚ್ಚಿ ಹರಳನ್ನು ಅದರ ಮನೆಯಲ್ಲಿಟ್ಟು, ಪೆಟ್ಟಿಗೆಗೆ ಕೀಲಿ ಹಾಕಿದ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಬಂದ ತಂಗಿಗೆ ಅಪ್ಪನೇ ಹೇಳಿರಬೇಕು. ಮರುದಿನದಿಂದ ಕೆಂಪು, ಹಸಿರು, ಹಳದಿ ಬಟ್ಟೆಯ ಗಂಟುಗಳೆಲ್ಲ ಡ್ರಾಯರಿನಿಂದ ಮಾಯವಾದವು. ಅವಳು ಒಂದು ಥಾನು ಬಿಳಿ ಬಟ್ಟೆ ತರಿಸಿದಳು. ಬಂದವರೆಲ್ಲರ ಹರಳೂ ಬಿಳಿ ಬಟ್ಟೆಯಲ್ಲಿ. ಮೂಗು ಮುರಿದವರಿಗೆ ಅವಳು ಒಂದೇ ಮಾತು ಹೇಳಿದಳು: "ನಮಗ ಪುಣೆದಾಗ ಹಿಂಗ ಕಲಿಸ್ಯಾರ್ರಿ. ಬಣ್ಣದ ಅರಿವ್ಯಾಗ ಕಟ್ಟಿದ್ರ ಹರಳಿನ ಗುಣ ಅರಿವೀನ ಕುಡೀತೈತಿ. ಬಿಳೀದು ಎಲ್ಲಾ ಗ್ರಹಕ್ಕೂ ನಡೀತೈತಿ."

ಜನ ಒಪ್ಪಿಕೊಂಡರು. ಸವದತ್ತಿಯ ಅಯ್ಯನವರೊಬ್ಬರು ಕೂಡ ಹೌದೌದು ಎಂದರಂತೆ. ನನಗೆ ಮೈಯೆಲ್ಲ ಉರಿಯಿತು. ಅಜ್ಜನ ಕಾಲದ ಪದ್ಧತಿಯನ್ನು ಇವಳು ಒಂದು ಮಾತಿನಲ್ಲಿ ಅಳಿಸಿದಳು, ಎಲ್ಲರೂ ಕೈಕಟ್ಟಿ ಕೇಳಿದರು. ನಾನು ಬಟ್ಟೆಯೊಂದನ್ನು ತಪ್ಪಿದರೆ ಅಪಶಕುನ, ಇವಳು ಎಲ್ಲ ಬಟ್ಟೆಗಳನ್ನೂ ಎತ್ತಿ ಎಸೆದರೆ ಶಾಸ್ತ್ರ. ಅದೂ ಹಸಿ ಸುಳ್ಳು. ಅವಳ ಪುಸ್ತಕಗಳಲ್ಲಿ ಬಿಳಿ ಕಾಗದದ ಮೇಲಿಟ್ಟು ಬಣ್ಣ ನೋಡಬೇಕೆಂದು ಇತ್ತೇ ಹೊರತು ತೋಳಿಗೆ ಕಟ್ಟುವ ಮಾತೇ ಇರಲಿಲ್ಲ. ಅವಳ ತಪ್ಪಿಗೆ ನಾನು ಕಾದದ್ದು ಕೊನೆಗೂ ಫಲಿಸಿತು ಎಂದುಕೊಂಡೆ.

ಮದುವೆ ಹತ್ತಿರ ಬಂದಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಬಿಳಿ ಬಟ್ಟೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಮಡಚುತ್ತಿದ್ದಳು. ತಿಂಗಳುಗಟ್ಟಲೆ ಸಾಲುವಷ್ಟು ಚೌಕಗಳನ್ನು ಪಕ್ಕದಲ್ಲಿ ಆಗಲೇ ಪೇರಿಸಿಟ್ಟಿದ್ದಳು.

"ಯಾ ಪುಸ್ತಕದಾಗ ಐತಿ ಇದು?" ಎಂದೆ. "ಎಲ್ಲಾ ಪುಸ್ತಕ ಓದೇನಿ ನಾ. ಒಂದರಾಗೂ ಇಲ್ಲ."

"ನೀ ಓದೂದು ನಂಗ ಗೊತ್ತೈತಿ ಅಣ್ಣಾ. ಹಾಳಿ ಮಡಚಿ ಮಡಚಿ ಇಡತೀ." ಅವಳು ತಲೆ ಎತ್ತಲಿಲ್ಲ. "ಯಾ ಪುಸ್ತಕದಾಗೂ ಇಲ್ಲ. ಅಪ್ಪಗೂ ಹೇಳೇನಿ, ಬಂದ್ ಮಾಡಬ್ಯಾಡ ಅಂತ. ನಾ ಬೈಲಹೊಂಗಲಕ್ಕ ಹ್ವಾದಮ್ಯಾಲೆ ಇಲ್ಲೆ ಕುಂದ್ರಾವ ನೀನ ಅಲ್ಲ?"

ಆ ಬಿಳಿ ಚೌಕಗಳಲ್ಲಿ ನಾನು ತಪ್ಪಬಹುದಾದ ಬಣ್ಣವೇ ಇರಲಿಲ್ಲ. ಅವಳು ಪೆಟ್ಟಿಗೆಯ ಕೀಲಿಯನ್ನು ಸೊಂಟದಿಂದ ತೆಗೆದು ಬಟ್ಟೆಗಳ ಪಕ್ಕದಲ್ಲಿಟ್ಟು, ಮತ್ತೆ ಕತ್ತರಿ ಎತ್ತಿಕೊಂಡಳು.

ನಾನೂ ಒಂದು ಚೌಕ ಎಳೆದುಕೊಂಡು ಮಡಚಲು ಕುಳಿತೆ. ಅವಳ ಮಡಿಕೆಗಳು ನನ್ನವಕ್ಕಿಂತ ನೇರವಾಗಿದ್ದವು. ಅದಕ್ಕೂ ಹೊಟ್ಟೆ ಉರಿಯಿತು.