ಮದ್ದು ಸೊಪ್ಪಿಗೆ ಆಧಾರ

ಪಿಎಚ್.ಡಿ.ಗೆ ನಾನು ಆರಿಸಿಕೊಂಡ ವಿಷಯ ಕೊಡಗಿನ ಮಳೆಗಾಲದ ಅಡುಗೆ. ಅದರಲ್ಲಿ ಒಂದು ಅಧ್ಯಾಯ ಪೂರ್ತಿ ಮದ್ದು ಸೊಪ್ಪಿನದು. ಜುಲೈ-ಆಗಸ್ಟಿನ ನಡುವೆ ಬರುವ ಆಟಿ ತಿಂಗಳ ಹದಿನೆಂಟರಂದು ಈ ಸೊಪ್ಪಿಗೆ ಹದಿನೆಂಟು ಬಗೆಯ ಔಷಧ ಬಂದು ಸೇರುತ್ತದೆಂದು ನಂಬಿಕೆ. ಹಸಿ ಸೊಪ್ಪನ್ನು ಕುದಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡಿ ಉಣ್ಣುತ್ತೇವೆ. ಮರುದಿನ ಮೂತ್ರ ಕೆಂಪಗೆ ಹೋದರೆ ಮದ್ದು ಹಿಡಿಯಿತೆಂದು ಮನೆಮಂದಿಗೆಲ್ಲ ಖುಷಿ.

“ಹಿಂದಿನವರು ಹೀಗೇ ಮಾಡುತ್ತಿದ್ದರು ಎಂಬುದಕ್ಕೆ ಒಂದು ಆಧಾರ ಕೊಡಿ, ಇಲ್ಲದಿದ್ದರೆ ಅಧ್ಯಾಯ ಬಿಡಿ” ಎಂದರು ಗೈಡ್. ನಾನೇ ತಿಂದು ಬೆಳೆದಿದ್ದೇನೆ ಎಂದೆ. ಅದು ಆಧಾರವಲ್ಲವಂತೆ.

ಇಂಟರ್ನೆಟ್ಟಿನಲ್ಲಿ ಹುಡುಕಲು ಕೂತೆ. ಕನ್ನಡದಲ್ಲಿ ಹಾಕಿದೆ, ಇಂಗ್ಲಿಷಿನಲ್ಲಿ ಹಾಕಿದೆ, ಪದಗಳನ್ನು ಹಿಂದೆ ಮುಂದೆ ಮಾಡಿ ಹಾಕಿದೆ. ಬಂದದ್ದೆಲ್ಲ ಒಂದೇ: ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಜೇನಿನಲ್ಲಿ ಕಲಸಿ ತಿನ್ನುವುದು ಕೊಡಗಿನ ಹಿರಿಯರ ಸಂಪ್ರದಾಯ. ಯಾವ ಹಿರಿಯರು? ಯಾರ ಮನೆಯಲ್ಲಿ? ಒಬ್ಬನ ಎಂಜಲನ್ನು ಇನ್ನೊಬ್ಬ ತನ್ನ ಎಲೆಗೆ ಬಡಿಸಿಕೊಂಡಿದ್ದ, ಅಷ್ಟೇ. ಮೂಲ ಹುಡುಕುತ್ತ ಹೋದರೆ ಎಲ್ಲಕ್ಕಿಂತ ಹಳೆಯದು ಒಂದು ಹೋಂಸ್ಟೇಯ ಜಾಹೀರಾತು. ಅದರಲ್ಲಿದ್ದ ಫೋಟೊ ಬಸಳೆ ಸೊಪ್ಪಿನದು. ಹೇಸಿಗೆಯಾಯಿತು.

ಲ್ಯಾಪ್‌ಟಾಪ್ ಮುಚ್ಚಿ ಸಂಪಾಜೆಯ ಬಸ್ಸು ಹತ್ತಿದೆ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಅಲ್ಲಿದ್ದಾರೆ. ಬುದ್ಧಿ ಬಂದಾಗಿನಿಂದ ನಾನು ತಿಂದ ಆಟಿ ಪಾಯಸವೆಲ್ಲ ಅವರ ಕೈಯದೇ. ಕಾಫಿ ಕುಡಿದು, ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, ಮದ್ದು ಸೊಪ್ಪಿನ ವಿಷಯ ಹೇಳಿ ಎಂದೆ.

ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. “ಸೊಪ್ಪು ತಂದು ನೆರಳಲ್ಲಿ ಒಣಗಿಸ್ಬೇಕು ಮಗಾ. ಮತ್ತೆ ಪುಡಿ ಮಾಡಿ ಜೇನಲ್ಲಿ ಕಲಸಿ ತಿನ್ನೂದು. ಅದು ನಮ್ಮ ಹಿರಿಯರ ಸಂಪ್ರದಾಯ.”

“ನೀವು ಯಾವಾಗ ಒಣಗಿಸಿದ್ದುಂಟು ದೊಡ್ಡಮ್ಮ? ಕುದಿಸಿ ಪಾಯಸ ಅಲ್ವಾ ಮಾಡ್ತಿದ್ದದ್ದು?”

“ಅದು ತಪ್ಪಂತೆ. ನಮಗೆಂತ ಗೊತ್ತಿತ್ತು ಆಗ? ವಾಟ್ಸಾಪ್ ಗ್ರೂಪಲ್ಲಿ ಬಂದಿತ್ತು, ಫೋಟೊ ಎಲ್ಲ ಹಾಕಿ.”

ಅಜ್ಜಿಗೆ ಮೊಮ್ಮಗು ಕೆಮ್ಮು ಕಲಿಸುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ಆ ಹೋಂಸ್ಟೇಯವನ ಮೇಲೆ, ಗ್ರೂಪಿನವರ ಮೇಲೆ, ನಿಜ ಹೇಳಬೇಕೆಂದರೆ ದೊಡ್ಡಮ್ಮನ ಮೇಲೂ ಮೈಯೆಲ್ಲ ಉರಿಯಿತು. ನೀವು ಮಾಡುತ್ತಿದ್ದದ್ದೇ ಸರಿ, ಅದು ಶುದ್ಧ ಸುಳ್ಳು ಎಂದು ಎಷ್ಟು ಹೇಳಿದರೂ ಅವರು ನಕ್ಕರು. “ನೀನು ಓದಿದವಳು. ನಿಂಗೆ ಅಡುಗೆದು ಎಂತ ಗೊತ್ತುಂಟು?”

ಗೈಡ್‌ಗೆ ರೆಕಾರ್ಡಿಂಗ್ ಕೇಳಿಸಿದೆ. ದೊಡ್ಡಮ್ಮನ ಮೊದಲ ಮಾತು ಮುಗಿಯುತ್ತಲೇ ಕೈಯೆತ್ತಿ ನಿಲ್ಲಿಸಿದರು. “ಸಾಕು, ಸಾಕು. ಇಂಟರ್ನೆಟ್ಟಿನಲ್ಲಿರುವುದಕ್ಕೂ ಇದಕ್ಕೂ ಸರಿಯಾಗಿ ತಾಳೆಯಾಗುತ್ತದೆ. ಬರೆದುಬಿಡಿ.” ಮುಂದಿನದನ್ನು ಕೇಳಲು ಅವರಿಗೆ ಪುರುಸೊತ್ತಿರಲಿಲ್ಲ. ನಾನು ಬರೆಯಲಿಲ್ಲ. ಅಧ್ಯಾಯವನ್ನೇ ಕಿತ್ತುಹಾಕಿದೆ.

ಈ ವರ್ಷವೂ ಆಟಿ ಹದಿನೆಂಟಕ್ಕೆ ಸಂಪಾಜೆಗೆ ಹೋದೆ. ಪಾಯಸದ ಪಾತ್ರೆ ಅಟ್ಟ ಸೇರಿತ್ತು. ದೊಡ್ಡಮ್ಮ ನನ್ನ ಅಂಗೈಗೆ ಒಂದು ಚಮಚ ಪುಡಿ ಹಾಕಿ, ಮೇಲೆ ಜೇನು ಬಿಟ್ಟು, “ತಿನ್ನು ಮಗಾ, ಇದೇ ಸರಿಯಾದ್ದು” ಎಂದರು.