ಕೆರೆಯೊಳಗಿನ ಬಾಣಂತಿಯರು

ಮೊಣಕಾಲಿನಿಂದ ಮೇಲೆ ಅವರದು ಎಲ್ಲರಂತೆ ಬಿಸಿಲಿಗೆ ಸುಟ್ಟ ಕಪ್ಪು ಮೈ. ಕೆಳಗೆ ಮಾತ್ರ ಬೇರೆ ಯಾರದೋ ಕಾಲು ತಂದು ಜೋಡಿಸಿದಂತೆ ಬಿಳಿಚಿಕೊಂಡಿತ್ತು. ಬೆರಳ ಸಂದಿಯಲ್ಲಿ ನೆನೆದ ಸುಕ್ಕು, ಹಿಮ್ಮಡಿಯ ಬಿರುಕಿನಲ್ಲಿ ಎಷ್ಟು ತೊಳೆದರೂ ಹೋಗದ ಕೆಸರಿನ ಗೆರೆ. ಜಗಲಿಯ ಮೇಲೆ ಕೂತರೂ ಕಾಲನ್ನು ಅಂಗಳದಲ್ಲೇ ಇಳಿಬಿಡುತ್ತಿದ್ದರು. ನಮ್ಮತ್ತೆ ಸಾರಿಸಿದ ನೆಲ ಕೆಡಬಾರದೆಂದು.

ಅವರು ನಮ್ಮೂರ ಕೆರೆಯ ನೀರಗಂಟಿ. ತೂಬು ತೆಗೆದು ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡುವುದು, ಮುಚ್ಚುವುದು, ಏರಿ ಕಾಯುವುದು ಅವರ ಕೆಲಸ. ನಾನು ನೀರಗಂಟಿ ಅಜ್ಜ ಎನ್ನುತ್ತಿದ್ದೆ. ಗೌಡರ ಮನೆಯ ಎರಡನೆಯ ಸೊಸೆಯಾದ ನಾನು ಅವರಿಗೆ ಸಣ್ಣಮ್ಮ.

ತೊಗರ್ಸಿ ಕಡೆಯ ಜೋಳದ ಹೊಲದವರ ಮಗಳು ನಾನು. ಜಡೆ ಹತ್ತಿರದ ಈ ಊರಿಗೆ ಬಂದದ್ದು ಐವತ್ತರ ದಶಕ ಮುಗಿಯುತ್ತಿದ್ದಾಗ, ಮುಂಗಾರು ಹಿಡಿದ ಮೇಲಿನ ಕೊನೆಯ ಲಗ್ನದಲ್ಲಿ. ದಿಬ್ಬಣದ ಗಾಡಿಗಳು ಕೆರೆ ಏರಿ ಹತ್ತಿದ್ದೇ ತಡ, ಒದ್ದೆ ಪಂಚೆಯ ಮುದುಕರೊಬ್ಬರು ಎರಡೂ ಕೈ ಚಾಚಿ ಅಡ್ಡ ನಿಂತರು.

"ವಾಲಗ ನಿಲ್ಸಿ. ಒಳಗೆ ಬಾಣಂತೇರು ಮಲಗ್ಯಾರೆ."

ನನ್ನ ಸೋದರಮಾವ ಗಾಡಿಯಿಂದ ಜಿಗಿದ. "ಕೆರಿಯಾಗ ಬಾಣಂತ್ಯಾರಾ? ಮುಂಜಾನೆದ್ದು ಕುಡಿದೀಯೇನೋ ಮುದುಕಾ?"

ಅವರು ಕೆರೆಯ ನಡುವಿನ ಮರಗಳತ್ತ ಕೈ ತೋರಿಸಿದರು. ಮರಗಳ ಎಲೆಯೇ ಕಾಣುತ್ತಿರಲಿಲ್ಲ. ಬಿಳಿ ಬಟ್ಟೆ ಒಣಹಾಕಿದಂತೆ ಬೆಳ್ಳಕ್ಕಿ. "ಬೇಕಾರೆ ಎಣಿಸ್ಕಳ್ಳಿ. ಕಾವಿಗೆ ಕೂತಾವೆ."

"ಹಂಗಾರ ಈ ಊರಿನ ಸೂಲಗಿತ್ತಿ ನೀನ ಅನ್ನು!" ಎಂದ ಸೋದರಮಾವ. ಎಲ್ಲರೂ ನಕ್ಕರು. ಆದರೆ ವಾಲಗ ನಿಂತಿತು. ಏರಿ ದಾಟುವವರೆಗೆ ಎತ್ತಿನ ಕೊರಳ ಗಂಟೆಗೂ ಯಾರೋ ಹುಲ್ಲು ತುರುಕಿದರು. ಅದು ಆ ಊರಿನ ಪದ್ಧತಿಯೆಂದು ಆಮೇಲೆ ತಿಳಿಯಿತು.

ಆ ಮರಗಳು ತಾವಾಗಿ ಬೆಳೆದವಲ್ಲ. ಬೇಸಿಗೆಯಲ್ಲಿ ಹೂಳೆತ್ತುವಾಗ ಎಲ್ಲರಿಗೂ ಹೂಳು ತಮ್ಮ ಗದ್ದೆಗೇ ಬೇಕು. ಅಜ್ಜ ಗಾಡಿಯ ಮೂಕಿ ಹಿಡಿದು ನಿಂತು, ಪ್ರತಿ ಮನೆಯವರಿಂದಲೂ ಒಂದೊಂದು ಗಾಡಿ ಹೂಳನ್ನು ಕೆರೆಯ ನಡುವೆಯೇ ಸುರಿಸಿಕೊಳ್ಳುತ್ತಿದ್ದರು. ಹಾಗೆ ಎದ್ದ ಮೂರು ದಿಬ್ಬಗಳ ಮೇಲೆ ಕರಿಜಾಲಿ, ಹೊಳೆಮತ್ತಿ ನೆಟ್ಟಿದ್ದರು. ಜೊಂಡು ಕೊಯ್ಯುವವರಿಗೆ ಈ ವರ್ಷ ಮೂಡಲ ದಡ, ಮುಂದಿನ ವರ್ಷ ಪಡುವಲ ದಡ. ಬಗ್ಗಿದ ಕೊಂಬೆಗೆ ಬಿದಿರಿನ ಊರೆ ಕೊಡುತ್ತಿದ್ದರು. ಮರದ ಸುತ್ತ ಎದೆಮಟ್ಟ ನೀರು ನಿಂತಿದ್ದರೆ ನಾಯಿ ನರಿ ಹತ್ತಿರ ಬರುವುದಿಲ್ಲ. ಹಕ್ಕಿ ಹಿಕ್ಕೆ ಬಿದ್ದ ಆ ನೀರು ಗದ್ದೆಗೆ ಹರಿದರೆ ಬೇರೆ ಗೊಬ್ಬರ ಬೇಡ. ಅದಕ್ಕೇ ಊರಿನವರು ಒಂದು ಕಟ್ಟುಪಾಡಿಗೆ ಒಪ್ಪಿದ್ದರು: ನೀರಗಂಟಿ "ಮರಿ ಹಾರಿದವು" ಎಂದು ಹೇಳುವವರೆಗೆ ತೂಬನ್ನು ಪೂರ್ತಿ ತೆಗೆಯುವಂತಿಲ್ಲ.

ನಮ್ಮ ಹಿತ್ತಿಲ ಬಾಗಿಲು ಕೆರೆಗೇ ತೆರೆಯುತ್ತಿತ್ತು. ಪಾತ್ರೆ ತೊಳೆಯುತ್ತ, ಅಕ್ಕಿ ಆರಿಸುತ್ತ ನಾನು ನೋಡುವುದು ಅದನ್ನೇ. ಅಜ್ಜ ಮಜ್ಜಿಗೆಗೆ ಬಂದಾಗ ಒಪ್ಪಿಸುತ್ತಿದ್ದೆ: ಇವತ್ತು ಮತ್ತಿಮರಕ್ಕೆ ಹೊಸ ಜೋಡಿ ಕಡ್ಡಿ ತಂದವು, ಜಾಲಿಯಿಂದ ಒಂದು ಗೂಡು ಬಿತ್ತು.

"ನಂಗಿಂತ ನಿಮ್ಮ ಕಣ್ಣೇ ವಾಸಿ ಸಣ್ಣಮ್ಮಾ," ಎನ್ನುತ್ತಿದ್ದರು. "ಬಿಳೇವು ಎಲ್ಲರಿಗೂ ಕಾಣ್ತಾವೆ. ಕರೇವನ್ನ ಹುಡುಕಿ ನೋಡ್ಬೇಕು. ಅವು ಹಾರೋದು ತಡ, ಒಳಕೊಂಬೇಲಿ ಇರ್ತಾವೆ."

ಕರಿಯವು ಎಂದರೆ ನೀರುಕಾಗೆ. ಅವುಗಳ ಮರಿಗಳ ಒಂದು ಆಟವನ್ನು ತೋರಿಸಿದವರೂ ಅವರೇ. ಹದ್ದು ಸುಳಿದರೆ ರೆಕ್ಕೆ ಬಲಿಯದ ಆ ಮರಿಗಳು ಗೂಡಿನಿಂದ ಕಲ್ಲು ಬಿದ್ದಂತೆ ನೀರಿಗೆ ಬೀಳುತ್ತವೆ. ಮುಳುಗಿ ಎದ್ದು, ಈಜಿ, ಕೊಕ್ಕಿನಿಂದ ಕಾಂಡ ಹಿಡಿದು ಮತ್ತೆ ಹತ್ತುತ್ತವೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ಎರಡನೆಯ ವರ್ಷ ಹಸ್ತ ಮಳೆ ಬರಲಿಲ್ಲ, ಚಿತ್ತೆಯೂ ಕೈಕೊಡುವಂತಿತ್ತು. ಬತ್ತ ಕಾಳಿಗೆ ಹಾಲು ತುಂಬುವ ಹಂತಕ್ಕೆ ಬಂದು ನಿಂತಿತ್ತು. ತೂಬಿನ ಬುಡದ ಮೊದಲ ಗದ್ದೆ ನಮ್ಮದು. ಮಾವನವರು ದಿನಕ್ಕೆ ಮೂರು ಸಲ ಹಿತ್ತಿಲಿಗೆ ಬಂದು ಕೇಳುತ್ತಿದ್ದರು, "ಏನಮ್ಮಾ, ನಿನ್ನ ನೆಂಟರು ಯಾವಾಗ ಹೊರಡ್ತಾರಂತೆ?"

ಆಗಲೇ ಶಿಕಾರಿಪುರದ ಹತ್ತಿರ ಕೊಟ್ಟಿದ್ದ ಮಗಳಿಗೆ ಹೆರಿಗೆ ಕಷ್ಟವಾಗಿದೆಯೆಂದು ಅಜ್ಜನಿಗೆ ಸುದ್ದಿ ಬಂತು. ಬಸ್ಸಿಗೆ ಹೊರಟವರು ನಮ್ಮ ಹಿತ್ತಿಲಿಗೆ ಬಂದು, ಮಾವನವರ ಎದುರಿಗೇ ಹೇಳಿದರು: "ಗೌಡ್ರೇ, ನಾ ಬರೋವರೆಗೆ ಮಾತು ಸಣ್ಣಮ್ಮಂದು. ಅವರು ಹಾರಿದವು ಅಂದ್ರೆ ತೂಬು ತೆಗೀರಿ. ಇಲ್ಲಾಂದ್ರೆ ಇಲ್ಲ."

ಮಾವನವರು ನಕ್ಕರು. "ಸರಿ ಮಾರಾಯ. ಇನ್ನು ಸೊಸೆ ಅಪ್ಪಣೆ ಕಾಯೋದೊಂದು ಬಾಕಿ ಇತ್ತು."

ಮೂರನೆಯ ಬೆಳಿಗ್ಗೆ ಬೆಳ್ಳಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ದಿಬ್ಬದ ಮೇಲೆ ಒಂದು ಸುತ್ತು ಹಾಕಿ ಬಡಗಣಕ್ಕೆ ಹೋದವು. ಮರಗಳು ಒಮ್ಮೆಲೇ ಬರಿದಾಗಿ ಹಸಿರಾಗಿ ಕಂಡವು. ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಒಳಗೆ ಓಡಿ ಹೇಳಿದೆ, "ಮಾವನೋರೇ, ಮರಿ ಹಾರಿದವು!" ಮನೆಗೆ ಬಂದು ಒಂದೂಕಾಲು ವರ್ಷದಲ್ಲಿ ನಾನು ಹೇಳಿದ ಮಾತಿಗೆ ಮನೆಯೇ ಎದ್ದು ನಿಂತದ್ದು ಅದೇ ಮೊದಲು. ಅತ್ತೆ ಸುಡುತ್ತಿದ್ದ ರೊಟ್ಟಿ ಬಿಟ್ಟು ಬಂದು ನನ್ನ ಗಲ್ಲ ಹಿಡಿದರು. ಕರಿಯವು ನೆನಪಾಗಲಿಲ್ಲ ಎಂದರೆ ಅರ್ಧ ಸುಳ್ಳು. ಒಮ್ಮೆ ನೆನಪಾಯಿತು, ಇರಲಾರವು ಎಂದುಕೊಂಡೆ.

ತೂಬು ಪೂರ್ತಿ ತೆರೆದರು. ಮರುದಿನ ಸಂಜೆಗೆ ದಿಬ್ಬಕ್ಕೂ ದಡಕ್ಕೂ ನಡುವೆ ಕೆಸರಿನ ಬೆನ್ನು ಕಂಡಿತು. ಅದರ ಮಾರನೆಯ ಬೆಳಿಗ್ಗೆ ಬೂದಿ ಬುಟ್ಟಿ ಹಿಡಿದು ಹಿತ್ತಿಲ ಬಾಗಿಲು ತೆರೆದೆ.

ಊರ ನಾಯಿಗಳು ಐದಾರು, ಹೊಟ್ಟೆಯವರೆಗೆ ಕೆಸರಾಗಿ, ಮರದ ಬುಡದಲ್ಲಿ ನಿಂತು ಮೇಲೆ ನೋಡಿ ಬೊಗಳುತ್ತಿದ್ದವು. ಒಳಕೊಂಬೆಯಿಂದ ಒಂದು ಕರಿ ಮರಿ ಧೊಪ್ಪೆಂದು ಬಿತ್ತು. ಕೆಳಗೆ ನೀರಿರಲಿಲ್ಲ. ಕೆಸರಿನಲ್ಲಿ ಕತ್ತು ಚಾಚಿ, ಈಜುವಂತೆ ಕಾಲು ಆಡಿಸಿತು. ನಾಯಿ ಎತ್ತಿಕೊಂಡಿತು. ಮತ್ತೊಂದು ಬಿತ್ತು. ಇನ್ನೊಂದು. ನಾಯಿಗಳು ಬೊಗಳಿದಷ್ಟೂ ಅವು ಹೆದರಿ, ನೀರಿದೆಯೆಂದು ನಂಬಿ, ಒಂದಾದ ಮೇಲೊಂದು ಬೀಳುತ್ತಲೇ ಇದ್ದವು. ಅಲ್ಲೇ ಕೂತಿರಿ, ಕೂತಿರಿ ಎಂದು ಕೂಗಿದೆ. ಹಕ್ಕಿಗೆ ಮನುಷ್ಯರ ಮಾತು ತಿಳಿಯುತ್ತದೆಯೇ? ಬುಟ್ಟಿ ಎಸೆದು ಇಳಿದೆ. ನಾಲ್ಕು ಹೆಜ್ಜೆಗೆ ತೊಡೆಯವರೆಗೆ ಹೂತು ನಿಂತುಬಿಟ್ಟೆ. ಕಣ್ಣೆದುರೇ ಎಲ್ಲ ಮುಗಿಯಿತು. ತಾಯಿ ಹಕ್ಕಿಗಳು ಮೇಲೆ ಸುತ್ತುತ್ತಿದ್ದವು. ನನ್ನನ್ನು ಎಳೆದು ತಂದವರು ಯಾರೆಂದು ಇಂದಿಗೂ ನೆನಪಿಲ್ಲ.

ಅದಾದ ನಾಲ್ಕನೆಯ ದಿನ ಅಜ್ಜ ಬಂದರು, ಹೆರಿಗೆಯಾಗಿ ಮಗಳು, ಮೊಮ್ಮಗಳು ಇಬ್ಬರೂ ಉಳಿದ ಸಂತೋಷದಲ್ಲಿ. ಅಷ್ಟರಲ್ಲಿ ಊರಿನವರು ಏರಿಯ ಮೇಲೆ ಸೇರಿದ್ದರು. ಸರದಿ ನೋಡುವವರಿಲ್ಲದೆ ಕೊನೆಯ ಗದ್ದೆಯವರಿಗೆ ನೀರು ಮುಟ್ಟಿರಲಿಲ್ಲ; ಹಕ್ಕಿ ಬಿಟ್ಟುಹೋದ ಕೆರೆ ಊರಿಗೆ ಒಳ್ಳೆಯದಲ್ಲವೆಂಬ ಭಯ ಬೇರೆ. ನಾನು ಹೆಂಗಸರ ಹಿಂದೆ ನಿಂತಿದ್ದೆ.

"ಹಾರಿದವು ಅಂತ ಹೇಳಿದ್ಯಾರು? ಅದು ಮೊದ್ಲು ಇತ್ಯರ್ಥ ಆಗ್ಲಿ," ಎಂದರೊಬ್ಬರು.

ಮಾವನವರು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಅಜ್ಜ ತೂಬಿನ ಕೋಲನ್ನು ನೆಲಕ್ಕಿಟ್ಟರು. "ನಾನು. ಬಿಳೇವು ಹೋದ್ರೆ ಆಯ್ತು ಅಂತ ಸಣ್ಣಮ್ಮಂಗೆ ತಪ್ಪು ಹೇಳ್ಕೊಟ್ಟು ಹೋದೆ. ಅವರು ನಾ ಹೇಳಿದ್ದನ್ನೇ ಹೇಳ್ಯಾರೆ."

ನಾನು ಹಾಗಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಕೋಲು, ಅದರೊಂದಿಗೆ ನೀರಗಂಟಿ ಕೆಲಸವೂ, ಅವರ ಅಣ್ಣನ ಮಗನ ಕೈಗೆ ಹೋಯಿತು. ನಲವತ್ತು ವರ್ಷ ಹಿಡಿದ ಕೋಲು. ಅಜ್ಜ ಪಂಚೆ ಕೊಡವಿಕೊಂಡು ಮನೆಗೆ ನಡೆದರು.

ಮುಂದಿನ ವರ್ಷ ಬೆಳ್ಳಕ್ಕಿ ಬಂದವು, ನೀರುಕಾಗೆ ಬರಲಿಲ್ಲ. ಆ ಬೇಸಿಗೆ ಅಜ್ಜ ಒಬ್ಬರೇ ದಿಬ್ಬಗಳ ಸುತ್ತ ಬಳೆಯಂತೆ ಆಳದ ಕಂದಕ ತೋಡುತ್ತಿದ್ದರು. ತೂಬು ತೆರೆದು ಕೆರೆ ಇಳಿದರೂ ಮರದ ಕೆಳಗೆ ನೀರು ಉಳಿಯಲಿ ಎಂದು. ಬುತ್ತಿ ಕೊಡುವ ನೆಪದಲ್ಲಿ ಹೋಗಿ, ಎದೆಯಲ್ಲಿದ್ದುದನ್ನು ಹೇಳಿದೆ.

"ಅಜ್ಜಾ, ಕರೇವು ತಡ ಅಂತ ನೀವು ಹೇಳಿದ್ರಿ. ನಂಗೆ ನೆನಪಿತ್ರಿ."

ಗುದ್ದಲಿ ನಿಲ್ಲಿಸದೆ ಅಂದರು, "ಹೇಳಿದೋನು ನಾನಲ್ವಾ? ನಂಗೆ ನೆನಪಿರಲ್ವಾ?"

"ಮತ್ತೆ ಯಾಕ್ರಿ ಹಂಗಂದ್ರಿ ಊರ ಮುಂದೆ?"

ಆಗ ನಿಂತು ಬೆನ್ನು ನೆಟ್ಟಗೆ ಮಾಡಿದರು. "ನಂದಿನ್ನೆಷ್ಟು ದಿನ, ಸಣ್ಣಮ್ಮಾ? ನಿಮ್ಮ ಮಾತು ಸುಳ್ಳು ಅಂತ ಊರು ಒಂದ್ಸಲ ಅಂದ್ಬಿಟ್ರೆ, ಆಮೇಲೆ ನೀವು 'ಇನ್ನೂ ಇಲ್ಲ' ಅಂದ್ರೆ ಯಾರು ಕೇಳ್ತಾರೆ? ಕೋಲು ಯಾರಾದ್ರೂ ಹಿಡೀತಾರೆ. ನೋಡೋರು ಬೇಕಲ್ಲ."

ನನ್ನನ್ನು ಕಾಪಾಡಿದರು ಎಂದುಕೊಂಡಿದ್ದೆ. ಅವರು ಕಾಪಾಡಿದ್ದು ನನ್ನನ್ನಲ್ಲ, ಹಕ್ಕಿಗಳ ಪರವಾಗಿ ನಾನಾಡುವ ಮಾತನ್ನು.

ಮೂರನೆಯ ಕಂದಕ ಅರ್ಧವಾಗಿದ್ದಾಗ ಅಜ್ಜ ಜ್ವರ ಬಂದು ತೀರಿಕೊಂಡರು. ಉಳಿದರ್ಧ ತೋಡಿಸಲು ನನಗೆ ಎರಡು ಬೇಸಿಗೆ ಹಿಡಿಯಿತು. ನೀರುಕಾಗೆ ಮರಳಿದ ವರ್ಷವೂ ಚಿತ್ತೆ ಕೈಕೊಟ್ಟಿತು. ಮಾವನವರು ಹಿತ್ತಿಲಿಗೆ ಬಂದರು. ಈ ಸಲ ನೆಂಟರ ಮಾತಿಲ್ಲ, ನಗುವಿಲ್ಲ. ಹಿಂದೆ ಹೊಸ ನೀರಗಂಟಿ ಕೋಲು ಹಿಡಿದು ನಿಂತಿದ್ದ. ಬೆಳ್ಳಕ್ಕಿ ಹೋಗಿ ವಾರವಾಗಿತ್ತು. ಕೆರೆ ಇಳಿದರೆ ಹೂಳು ತುಂಬಿದ ಕಂದಕದಲ್ಲಿ ಉಳಿಯುವುದು ಮೊಣಕಾಲುಮಟ್ಟ ನೀರು, ನಾಯಿಗಳಿಗೆ ಅದು ಸಾಲುವ ತಡೆಯಲ್ಲ. ನಾನು ಒಳಕೊಂಬೆಗಳನ್ನು ಒಂದೊಂದಾಗಿ ನೋಡಿದೆ.

"ಇನ್ನೂ ಇಲ್ಲ," ಎಂದೆ.

ನಮ್ಮ ಗದ್ದೆಯ ಬತ್ತ ಅರ್ಧ ಜೊಳ್ಳಾಯಿತು. ಮಾವನವರು ಸಂಕ್ರಾಂತಿಯವರೆಗೆ ನನ್ನ ಕೈಯಿಂದ ನೀರು ಸಹ ಇಸಿದುಕೊಳ್ಳಲಿಲ್ಲ. ಆದರೆ ಕೋಲು ಹಿಡಿದವನು ನನ್ನ ಮಾತು ಕೇಳಿ, ತೂಬು ಮುಟ್ಟದೆ, ಬಂದ ದಾರಿಯಲ್ಲೇ ಹಿಂದಿರುಗಿದ್ದ.